ಮೂರನೇ ಪೈಪಿನ ಗಾಳಿ

ನಮ್ಮ ಲ್ಯಾಬಿನಲ್ಲಿ ಹರಿಯುತ್ತಿದ್ದುದು ಒಂದೇ ನೀರು. ನೆಲದಡಿಯ ಸಂಪಿನಿಂದ ಪಂಪು ಅದನ್ನು ಮೇಲೆತ್ತುತ್ತಿತ್ತು, ಪೈಪುಗಳಲ್ಲಿ ಓಡಿಸಿ ಅಳತೆಯ ತೊಟ್ಟಿಗೆ ಸುರಿಯುತ್ತಿತ್ತು. ಅಲ್ಲಿಂದ ಅದು ಮತ್ತೆ ಸಂಪಿಗೇ ಇಳಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ಖಾಲಿ ಮಾಡಿ ತೊಳೆದು ಹೊಸ ನೀರು ತುಂಬುವವರೆಗೆ ಅದಕ್ಕೆ ಹೊರಗಿನ ಲೋಕವೇ ಇಲ್ಲ. ನಮ್ಮ ಅಟೆಂಡರ್ ಮರಿತಾಯಮ್ಮನನ್ನು ನೆನೆದಾಗಲೆಲ್ಲ ನನಗೆ ಆ ನೀರಿನ ಸದ್ದು ಕೇಳುತ್ತದೆ. ನೆನೆಯದೆ ಇದ್ದಾಗಲೂ ಒಮ್ಮೊಮ್ಮೆ ಕೇಳುತ್ತದೆ.

ಕಾಲೇಜು ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಹೊಲಗಳ ನಡುವೆ ಎದ್ದ ಖಾಸಗಿ ಇಂಜಿನಿಯರಿಂಗ್ ಕಾಲೇಜು, ಗೋಡೆಯ ಸುಣ್ಣ ಆರುವ ಮೊದಲೇ ತರಗತಿ ಶುರುವಾಗಿತ್ತು. ತೊಂಬತ್ತೇಳರಲ್ಲಿ ನಾನು ಅಲ್ಲಿ ಸಿವಿಲ್ ವಿಭಾಗಕ್ಕೆ ಲೆಕ್ಚರರ್ ಆಗಿ ಸೇರಿದೆ. ದ್ರವಗಳ ಹರಿವಿನ ಲ್ಯಾಬು ನನ್ನ ತಲೆಗೆ ಬಿತ್ತು. ನನ್ನ ಹೆಸರು ಹರಿಪ್ರಿಯಾ. ಮನೆ ನಂಜನಗೂಡಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಅಪ್ಪ ಪಾಠಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಜಾಗ ಬದಲಿಸಿಲ್ಲ. ಹರಿಪ್ರಿಯಾ ಮಿಸ್ ಬಂದರೆ ನೀರೂ ಕೈಕಟ್ಟಿ ಸಾಲಾಗಿ ನಿಲ್ಲುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರಂತೆ. ಆಡಿಕೊಳ್ಳಲಿ. ನಿಂತಿದ್ದರೆ ನನಗೇನೂ ಬೇಜಾರಿರಲಿಲ್ಲ.

ನೀರಿನ ಪಾಠವನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಗದು ಎಂಬುದು ನನ್ನ ಹಟ. ಮೊದಲು ಪೈಪಿನ ಮೇಲೆ ಕೈಯಿಡಿ, ವಾಲ್ವು ತಿರುಗಿಸಿ, ಗಾಜಿನ ಕೊಳವೆಯ ನೀರಿಗೆ ಬಿಟ್ಟಾಗ ನೆಟ್ಟಗೆ ಹೋಗುತ್ತಿದ್ದ ನೇರಳೆ ಬಣ್ಣದ ಎಳೆ ಎಲ್ಲಿ ಚೆದುರಿತು ನೋಡಿ, ಸೂತ್ರ ಆಮೇಲೆ ಬರೆದರಾಯಿತು ಎನ್ನುತ್ತಿದ್ದೆ. ಲ್ಯಾಬಿನ ಮುಖ್ಯ ಉಪಕರಣವೆಂದರೆ ಗೋಡೆಯುದ್ದಕ್ಕೂ ಒಂದರ ಮೇಲೊಂದರಂತೆ ಕೂರಿಸಿದ್ದ ಮೂರು ಕಬ್ಬಿಣದ ಪೈಪುಗಳು, ಮೂರಕ್ಕೂ ಬೇರೆ ಬೇರೆ ದಪ್ಪ. ನೀರು ಒಳಮೈಯನ್ನು ಉಜ್ಜಿಕೊಂಡು ಓಡುವಾಗ ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ ಎಂದು ಪಾದರಸದ ಮ್ಯಾನೊಮೀಟರಿನಲ್ಲಿ ಅಳೆಯಬೇಕು. ಅದಕ್ಕೆ ಮುಂಚೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಲೇಬೇಕು, ಇಲ್ಲದಿದ್ದರೆ ಪಾದರಸ ಕುಣಿಯುತ್ತದೆ, ಲೆಕ್ಕ ಹಳ್ಳ ಹಿಡಿಯುತ್ತದೆ. ಪ್ರತಿ ಪೈಪಿನ ಕೊನೆಯ ಬಾಗಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಹಿತ್ತಾಳೆ ನಲ್ಲಿ ಇತ್ತು. ಪಂಪು ಓಡುತ್ತಿರುವಾಗ ಸ್ಟೂಲು ಹತ್ತಿ ಅದನ್ನು ತೆರೆದರೆ ಗಾಳಿ ಉಸ್ ಎಂದು ಹೊರಟು, ಹಿಂದೆ ಗುಳ್ಳೆ ಬಂದು, ಆಮೇಲೆ ಬರಿಯ ನೀರು ಬರುತ್ತದೆ. ಆಗ ಮುಚ್ಚಬೇಕು. ಬೆಳಗಿನ ಆ ಕೆಲಸ ಮರಿತಾಯಮ್ಮನದು.

ಅವಳು ಹುಟ್ಟಿದ್ದು ಹೆಮ್ಮರಗಾಲದಲ್ಲಿ, ಕೊಟ್ಟದ್ದು ಕಾವೇರಿ ದಡದ ಮುಡುಕುತೊರೆಗೆ. ಕಾಲೇಜಿನ ಕಟ್ಟಡ ಏಳುವಾಗ ಗಾರೆ ಹೊರಲು ಬಂದವಳು ಕಟ್ಟಡ ಮುಗಿದರೂ ಹೋಗಲಿಲ್ಲ. ಇಟ್ಟಿಗೆ, ಸಿಮೆಂಟು, ಜಲ್ಲಿ ಎಲ್ಲ ಹೊರುತ್ತಾಳೆ, ಮರಳಿನ ರಾಶಿಯ ಹತ್ತಿರ ಮಾತ್ರ ಸುಳಿಯುವುದಿಲ್ಲ ಎಂದು ಮೇಸ್ತ್ರಿ ಗೊಣಗುತ್ತಿದ್ದನಂತೆ. ಮಾತು ಕಡಿಮೆ, ಕೈ ಚುರುಕು ಎಂದು ಲ್ಯಾಬಿಗೆ ಅಟೆಂಡರ್ ಮಾಡಿಕೊಂಡರು. ಪಕ್ಕದ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ನಿನ್ನ ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ "ಒಳೆಗೆ ಓಗವ್ರೆ" ಎನ್ನುತ್ತಿದ್ದಳು. ಹೊಳೆಗೆ ಹೋಗಿದ್ದಾರೆ, ಅಷ್ಟೇ. ಮೀನು ಹಿಡಿಯುವವರಿರಬೇಕು ಎಂದು ನಾನು ಅಂದುಕೊಂಡೆ. ಹಳೆಯ ಪದ್ಧತಿಯ ಹೆಂಗಸು, ಗಂಡನ ಹೆಸರು ಹೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಹುಡುಗರಿಗೆ ಅವಳೆಂದರೆ ಸಲುಗೆ. ಯಾರಾದರೂ ವಾಲ್ವನ್ನು ದಡಬಡ ತಿರುಗಿಸಿದರೆ, ನಲ್ಲಿ ತಿರುಗಿಸಲು ಬಾರದವರೆಲ್ಲ ಇಂಜಿನಿಯರ್ ಆಗುತ್ತಾರಂತೆ ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕೊನೆಯಲ್ಲಿ ಪಂಪು ನಿಲ್ಲಿಸುವುದು ಅವಳೇ ಆಗಬೇಕು. ಅದೂ ನಾವೆಲ್ಲ ಹೊರಟು ಹೋದ ಮೇಲೆ. ಸ್ಟಾರ್ಟರಿನಲ್ಲಿ ಶಾಕ್ ಹೊಡೆದೀತು ಎಂಬ ಜಾಗ್ರತೆ ಇರಬೇಕು ಎಂದು ನಾನು ಮೆಚ್ಚಿಕೊಂಡಿದ್ದೆ.

ಮೂರನೇ ಪೈಪಿನ ಲೆಕ್ಕ ಕೆಡುತ್ತಿದೆ ಎಂದು ಹುಡುಗರು ಬಹಳ ಸಲ ದೂರಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಬೈದು ಮತ್ತೆ ಮತ್ತೆ ಅಳೆಯಲು ಕಳಿಸುತ್ತಿದ್ದೆ. ಕೊನೆಗೆ ನಾನೇ ಅಳೆದೆ, ನನ್ನ ಲೆಕ್ಕವೂ ಕೆಟ್ಟಿತು. ಈ ಸಲ ನೆಲವೇ ಡೊಂಕಿತ್ತು. ಪಾದರಸ ಬದಲಾಯಿಸಿದೆ, ರಬ್ಬರ್ ಕೊಳವೆ ಬದಲಾಯಿಸಿದೆ. ಉಪಕರಣ ಮಾಡಿಕೊಟ್ಟ ಶೆಡ್ಡಿನಿಂದ ಮೆಕ್ಯಾನಿಕ್ ಬಂದು ವಾಷರುಗಳನ್ನೆಲ್ಲ ಹೊಸದು ಹಾಕಿದ. ಗಾಳಿ ಬಿಡುತ್ತಿದ್ದೀರಾ ಎಂದು ಕೇಳಿದ. ಮರಿತಾಯಮ್ಮ ದಿನವೂ ಬಿಡುತ್ತಾಳೆ ಎಂದೆ. ಅವಳು ಪಕ್ಕದಲ್ಲೇ ಮೇಜು ಒರೆಸುತ್ತಿದ್ದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ತರಗತಿ ಮುಗಿಸಿ ಬಸ್ ಸ್ಟಾಪಿನವರೆಗೆ ಹೋದವಳು ಕೊಡೆ ಮರೆತೆನೆಂದು ಲ್ಯಾಬಿಗೆ ಹಿಂತಿರುಗಿದೆ. ಬಾಗಿಲು ಅರ್ಧ ತೆರೆದಿತ್ತು. ಮರಿತಾಯಮ್ಮ ಅದೇ ತಾನೇ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದ್ದಳು. ಪಂಪಿನ ಗುಂಯ್ ಸದ್ದು ಇಳಿಯಿತು. ಆಮೇಲೆ ಗೋಡೆಯ ಮೇಲಿನ ಪೈಪಿನೊಳಗಿಂದ ಯಾರೋ ಬಡಿದರು. ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ಅವಳು ಮೂರನೇ ಪೈಪಿಗೆ ಕಿವಿ ಒತ್ತಿಕೊಂಡು ನಿಂತಿದ್ದಳು. ಸದ್ದು ನಿಂತ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಕೈಯನ್ನೂ ಮುಂದೆ ಚಾಚಿ, ಒಂದಾದ ಮೇಲೊಂದು ಕೈಯಿಂದ ಗಾಳಿಯಲ್ಲಿ ಏನನ್ನೋ ಎಳೆಯತೊಡಗಿದಳು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಎಳೆಯುತ್ತಾರಲ್ಲ, ಹಾಗೆ. ತೋಳಿನ ನರ ಉಬ್ಬಿತ್ತು. ಕೈಯಲ್ಲಿ ಏನೂ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿದಾಗ ನನಗೆ ಮೊದಲು ಬರುವುದು ಕೋಪ, ಆದ್ದರಿಂದ ಗದರಿಸಿಯೇ ಕರೆದೆ.

ಅವಳು ಬೆಚ್ಚಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಸಂಪಿನ ಕಟ್ಟೆಯ ಮೇಲೆ ಕೂತಳು. ಎಷ್ಟೋ ಕಾಲದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ ಹೇಳಿದಳು.

ಅವಳ ಗಂಡ ಹೊಳೆಯಲ್ಲಿ ಮುಳುಗಿ ಮರಳು ತೆಗೆಯುವವರು. ತಗಡಿನ ದೋಣಿಯಿಂದ ಹೊಳೆಯ ತಳದವರೆಗೆ ಒಂದು ಕಬ್ಬಿಣದ ಪೈಪು ನೆಟ್ಟಿರುತ್ತಿದ್ದರು. ಅದನ್ನು ಹಿಡಿದುಕೊಂಡು ಬಕೆಟ್ಟಿನೊಡನೆ ಕೆಳಗಿಳಿದು, ಉಸಿರು ಬಿಗಿಹಿಡಿದು ಮರಳು ತುಂಬಿ, ಒಂದು ಕಲ್ಲಿನಿಂದ ಪೈಪಿಗೆ ಬಡಿಯುವುದು. ಎರಡು ಸಲ ಬೇಗ, ಒಂದು ಸಲ ತಡೆದು. ಅದು ಅವರೊಬ್ಬರದೇ ಗುರುತು. ಮೇಲೆ ದೋಣಿಯಲ್ಲಿ ಇವಳು ಹಗ್ಗ ಹಿಡಿದು ಕೂತಿರುತ್ತಿದ್ದಳು. ಬಡಿತ ಕೇಳಿದೊಡನೆ ಎಳೆಯಬೇಕು, ಬಕೆಟ್ಟಿನ ಹಿಂದೆಯೇ ಅವರು ಮೇಲೆ ಬರುತ್ತಿದ್ದರು. ಮದುವೆಯಾದಾಗಿನಿಂದ ಅದೇ ಅವರಿಬ್ಬರ ಕಸುಬು. ತೊಂಬತ್ತೈದರಲ್ಲಿ ಒಂದು ಬೆಳಗ್ಗೆ ಹೊಳೆಯ ನೀರು ಕೆಂಪಾಗತೊಡಗಿತ್ತು. ಮೇಲೆಲ್ಲೋ ಮಳೆಯಾಗಿದೆ, ಇದೊಂದು ತುಂಬಿಸಿ ದಡಕ್ಕೆ ಹೋಗೋಣ ಎಂದು ಹೇಳಿ ಅವರು ಇಳಿದರು.

"ಬಡುದ್ರು, ಬಕೆಟ್ ಎಳ್ಕಂಡೆ," ಎಂದಳು ಮರಿತಾಯಮ್ಮ. "ಅರ್ದ ತುಂಬಿತ್ತು. ಆಮೇಲೆ ಇನ್ನೊಂದ್ ಸಲ ಬಡುದ್ರು. ಕೆಳಗೆ ಬಕೆಟ್ಟೇ ಇರ್ನಿಲ್ಲ ಮೇಡಮ್ಮೋರೆ. ನಾನು ಏನ ಎಳೀಲಿ?"

ದೋಣಿಯಲ್ಲಿ ಮರಳು ಸುರಿದುಕೊಳ್ಳುತ್ತಿದ್ದ ಗಂಡಸರು ಎರಡನೆಯ ಬಡಿತ ಕೇಳಲಿಲ್ಲವೆಂದರು, ನೀರಿನ ಸೆಳೆತಕ್ಕೆ ಪೈಪು ಅಲ್ಲಾಡಿರಬೇಕು ಎಂದರು. ಅಗೆದ ಗುಂಡಿಯ ಮರಳು ಒಳಗೇ ಕುಸಿದಿತ್ತು. ಹೊಳೆ ಏರಿತು. ಎಷ್ಟು ಹುಡುಕಿದರೂ ಹೆಣ ಸಿಗಲಿಲ್ಲ. ಹೆಣ ನೋಡದೆ ಬಳೆ ಒಡೆಯುವುದಿಲ್ಲ ಎಂದು ಇವಳು ಕೂತುಬಿಟ್ಟಳು. ಬಡಿದವರು ಬದುಕಿರುತ್ತಾರೆ ಎಂಬುದು ಅವಳ ವಾದ. ಊರಿನವರ ಬಾಯಿಗೆ ಬೀಗವಿಲ್ಲ, ಅದನ್ನು ಕೇಳಲಾರದೆ ಗಾರೆ ಕೆಲಸಕ್ಕೆ ಬಂದಳು. ಲ್ಯಾಬಿನಲ್ಲಿ ಕೆಲಸ ಕಲಿಯುವಾಗ ಒಂದು ದಿನ ಮೂರನೇ ಪೈಪಿನ ಗಾಳಿ ಬಿಡಲು ಮರೆತಳು. ಪಂಪು ನಿಲ್ಲಿಸಿದಳು, ಎರಡು ಬೇಗ, ಒಂದು ತಡೆದು ಬಡಿತ ಕೇಳಿತು. ಅಂದಿನಿಂದ ಆ ನಲ್ಲಿಯನ್ನು ಮುಟ್ಟಿರಲಿಲ್ಲ.

ನಾನು ಪಾಠ ಮಾಡಿದೆ. ನನಗೆ ಬರುವುದು ಅದೇ. ಪಂಪು ನಿಂತಾಗ ಓಡುತ್ತಿದ್ದ ನೀರು ಹಿಂದಕ್ಕೆ ತುಯ್ಯುತ್ತದೆ, ಬಾಗಿನಲ್ಲಿ ಸಿಕ್ಕ ಗಾಳಿ ಸ್ಪ್ರಿಂಗಿನ ಹಾಗೆ ಅದನ್ನು ಮತ್ತೆ ತಳ್ಳುತ್ತದೆ, ಹಿಂದೆ ಮುಂದೆ ಆಗುವಾಗ ಕೆಳಗಿನ ವಾಲ್ವಿನ ಬಿಲ್ಲೆ ಪಟಪಟ ಬಡಿಯುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಅವಳು ತಲೆಯಾಡಿಸುತ್ತ ಪೂರ್ತಿ ಕೇಳಿದಳು.

"ಗಾಳಿ ಅಂತ ನಂಗೂ ಗೊತ್ತು. ದಿನಾ ಎಲ್ಡು ಪೈಪಲ್ಲಿ ನಾನೇ ಬುಡ್ತೀನಲ್ವಾ? ಇದ್ಕೆ ಕೈ ಬರಕಿಲ್ಲ."

ವಿಭಾಗದ ಮುಖ್ಯಸ್ಥರಿಗೆ ಕಾರಣ ಹೇಳದೆ, ಒಂದು ಪೈಪು ಸರಿಯಿಲ್ಲ ಎಂದಷ್ಟೇ ಹೇಳಿದೆ. ದೀಪಾವಳಿ ಕಳೆದ ಮೇಲೆ ಪ್ರಾಯೋಗಿಕ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅಷ್ಟರೊಳಗೆ ಮೂರೂ ಸರಿಯಿರಬೇಕು, ಅಟೆಂಡರ್ ಕೈಲಾಗದಿದ್ದರೆ ಅವಳನ್ನು ಹಾಸ್ಟೆಲ್ ಅಡುಗೆಮನೆಗೆ ಹಾಕಿ ಬೇರೆಯವರನ್ನು ಕೊಡುತ್ತೇನೆ ಎಂದರು ಅವರು. ಬೇರೆಯವರು ಬಂದರೆ ಮೊದಲ ದಿನವೇ ಗಾಳಿ ಬಿಡುತ್ತಾರೆ. ಅದು ಅವಳಿಗೂ ಗೊತ್ತಿತ್ತು. ಕೆಲಸ ಹೋಗುವುದಕ್ಕೆ ಅವಳು ಹೆದರಿದ್ದನ್ನು ನಾನು ಕಾಣಲಿಲ್ಲ. ಅವಳ ಭಯವೆಲ್ಲ ಆ ಮೂರು ಬಡಿತ ನಿಂತುಹೋಗುವುದರದೇ ಆಗಿತ್ತು.

ನಾನೇ ಬಿಟ್ಟುಬಿಡುತ್ತೇನೆ ಎಂದು ಒಂದು ದಿನ ಸ್ಟೂಲು ಹತ್ತಿದೆ. ಮರಿತಾಯಮ್ಮ ಬೇಡ ಎನ್ನಲಿಲ್ಲ. ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡು ನಿಂತಳು, ಅಷ್ಟೇ. ನನ್ನ ಬೆರಳು ನಲ್ಲಿಯ ಮೇಲಿತ್ತು. ಅದನ್ನು ತಿರುಗಿಸುವುದು ಮಗುವಿಗೂ ಆಗುವ ಕೆಲಸ. ಆದರೆ ಕೆಳಗೆ ನೋಡಿದಾಗ ಅವಳು ಉಸಿರು ಬಿಗಿಹಿಡಿದಿದ್ದಳು, ಮುಖ ಕಪ್ಪಿಟ್ಟಿತ್ತು. ನನ್ನ ಮೇಲೇ ಸಿಟ್ಟು ಮಾಡಿಕೊಂಡು ಕೆಳಗಿಳಿದೆ.

ಆಮೇಲೆ ಆ ಸದ್ದು ನನ್ನ ಹಿಂದೆ ಬಿತ್ತು. ಮನೆಯಲ್ಲಿ ನೀರಿನ ಮೋಟರು ನಿಂತಾಗ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಕಿವಿಗೊಡುತ್ತಿದ್ದೆ. ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕಿದರೆ ಎರಡು ತೊಟ್ಟಿನ ನಂತರ ಮೂರನೆಯದಕ್ಕೆ ಕಾಯುತ್ತಿದ್ದೆ. ಬಸ್ಸು ಕಪಿಲೆಯ ಸೇತುವೆ ದಾಟುವಾಗ ಕಿಟಕಿಯಿಂದ ಕೆಳಗೆ ನೋಡುವುದನ್ನು ಬಿಟ್ಟೆ. ಈ ನೀರೇ ಮುಂದೆ ನರಸೀಪುರದಲ್ಲಿ ಕಾವೇರಿ ಸೇರಿ ಮುಡುಕುತೊರೆಯ ಮುಂದೆ ಹಾದು ಹೋಗುತ್ತದೆ, ಅಲ್ಲಿ ಮರಳಿನಡಿಯಲ್ಲಿ ಒಬ್ಬ ಮನುಷ್ಯ ಕೈಯಲ್ಲಿ ಕಲ್ಲು ಹಿಡಿದುಕೊಂಡಿದ್ದಾನೆ ಎಂದು ಮನಸ್ಸು ಹೇಳುತ್ತಿತ್ತು. ವಾಲ್ವಿನ ಬಿಲ್ಲೆ ಬಡಿಯುವುದು ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ನನ್ನ ಬೈಗುಳಕ್ಕೆ ಜಗ್ಗದ ಸದ್ದು ಅದೊಂದೇ.

ಮಹಾಲಯ ಅಮಾವಾಸ್ಯೆ ಹತ್ತಿರವಾಯಿತು. ಆ ಕಡೆಯ ಊರುಗಳಲ್ಲಿ ಅದು ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರಿಗೆಲ್ಲ ಅವರವರಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ, ಬಾಳೆಲೆಯ ಮೇಲೆ ಎಡೆ ಇಟ್ಟು, ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಮರಿತಾಯಮ್ಮ ಆ ಹಬ್ಬಕ್ಕೆ ಊರಿಗೆ ಹೋಗುತ್ತಿರಲಿಲ್ಲ. ಹಬ್ಬಕ್ಕೆ ಮುಂಚಿನ ಸೋಮವಾರ ಒಬ್ಬ ಮುದುಕಿ ಬಸ್ಸಿಳಿದು ಕೇಳಿಕೊಂಡು ಕೇಳಿಕೊಂಡು ಲ್ಯಾಬಿನ ಮೆಟ್ಟಿಲಿಗೆ ಬಂದು ಕೂತಳು. ಮರಿತಾಯಮ್ಮನ ಅತ್ತೆ, ಚಾಮುಂಡಮ್ಮ. ಸೊಸೆ ಒಳಗೆ ಪಂಪು ಓಡಿಸುತ್ತಿದ್ದಳು, ಅತ್ತೆ ಬಂದದ್ದು ಗೊತ್ತಿರಲಿಲ್ಲ. ಮುದುಕಿ ನನ್ನ ಕೈ ಹಿಡಿದುಕೊಂಡು ತನ್ನ ಕಷ್ಟ ಹೇಳಿದಳು. ಮಗ ಹೋದದ್ದು ಅವಳಿಗೆ ಗೊತ್ತು, ಹೆತ್ತ ಹೊಟ್ಟೆಗೆ ಗೊತ್ತಾಗದೆ ಇರುತ್ತದೆಯೇ. ಆದರೆ ಸೊಸೆ ಒಪ್ಪದೆ ತಿಥಿ ಮಾಡುವಂತಿಲ್ಲ, ತಿಥಿಯಾಗದೆ ಎಡೆ ಇಡುವಂತಿಲ್ಲ. ಹಬ್ಬದ ದಿನ ಮುದುಕಿ ತನ್ನ ಗಂಡನಿಗೆ, ಅತ್ತೆಮಾವಂದಿರಿಗೆ, ಹುಟ್ಟುತ್ತಲೇ ಸತ್ತ ಮಗಳಿಗೂ ಎಡೆ ಇಡುತ್ತಾಳೆ, ಮಗನಿಗೆ ಮಾತ್ರ ಇಲ್ಲ. ಈ ವರ್ಷ ಮೈಯಲ್ಲಿ ಶಕ್ತಿಯಿಲ್ಲ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ, ನೀವಾದರೂ ಅವಳಿಗೆ ಹೇಳಿ ಎಂದಳು.

ಹೇಳುವ ಮಾತೆಲ್ಲ ನಾನು ಹೇಳಿ ಸೋತಿದ್ದೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅತ್ತೆಯನ್ನು ನೋಡಿದ ಮರಿತಾಯಮ್ಮ, ಮಾತಾಡಲು ಆ ಗದ್ದಲದಲ್ಲಿ ಆಗದೆಂದು ಅಭ್ಯಾಸಬಲದಿಂದ ಪಂಪು ನಿಲ್ಲಿಸಿದಳು. ಒತ್ತಿದ ಮೇಲೆ ಅವಳಿಗೆ ಅರಿವಾಗಿರಬೇಕು, ಕೈ ಬಾಯಿಯ ಮೇಲೆ ಹೋಯಿತು.

ಟಕ್ ಟಕ್. ಬಿಡುವು. ಟಕ್.

ಚಾಮುಂಡಮ್ಮ ನಿಂತಲ್ಲೇ ನಿಂತಳು. ಅದೇನೆಂದು ನಾನು ವಿವರಿಸಲು ಹೊರಟೆ. ಮುದುಕಿ ಕೇಳಿಸಿಕೊಳ್ಳಲಿಲ್ಲ. ಗೋಡೆಯ ಹತ್ತಿರ ಹೋಗಿ ಮೂರನೇ ಪೈಪಿನ ಮೇಲೆ ಅಂಗೈ ಇಟ್ಟು, ಜ್ವರದ ಮಗುವಿನ ಮೈ ಮುಟ್ಟಿ ನೋಡುವ ಹಾಗೆ ಉದ್ದಕ್ಕೂ ಸವರಿದಳು.

"ಅವ್ನೇ," ಎಂದಳು.

ಮರಿತಾಯಮ್ಮ ಅಳತೊಡಗಿದಳು. ಒಂಬತ್ತು ವರ್ಷದಲ್ಲಿ ಹೌದು ಎಂದವರು ಇವಳೊಬ್ಬಳೇ. "ಎಳಿ ಅಂತಾವ್ರೆ ಕಣತ್ತೆ," ಎಂದಳು. "ದಿನಾ ಬಡೀತಾರೆ. ಎಳಿಯಕ್ಕೆ ಅಗ್ಗ ಇಲ್ಲ."

ಮುದುಕಿ ಬಹಳ ಹೊತ್ತು ಪೈಪಿನಿಂದ ಕೈ ತೆಗೆಯಲಿಲ್ಲ.

"ಎಳಿ ಅಂತಿಲ್ಲ ಕಣವ್ವ. ಅಸ್ಕಂಡವ್ನೆ. ಎಲ್ರನ್ನೂ ಉಣ್ಣಕ್ಕೆ ಕರೀತೀವಿ, ಅವನ್ನೊಬ್ಬನ್ನ ಕರೆದಿಲ್ಲ. ಇಷ್ಟ್ ವರ್ಸದಲ್ಲಿ ನನ್ ಮಗುಂಗೆ ಒಂದು ತುತ್ತು ಇಟ್ಟಿಲ್ಲ ನಾವು. ಅದ್ಕೆ ಬಡೀತಾವ್ನೆ."

ಮರಿತಾಯಮ್ಮ ಅತ್ತೆಯ ಮುಖ ನೋಡಿದಳು, ಪೈಪು ನೋಡಿದಳು. ಕೆಳಗಿದ್ದಾರೆ, ಬದುಕಿದ್ದಾರೆ, ಎಳೆದರೆ ಬರುತ್ತಾರೆ ಎಂದು ಅವಳು ನಂಬಿಕೊಂಡು ಬಂದಿದ್ದಳು. ಅವರಿಗೆ ಹಸಿವಾಗಿರಬಹುದು ಎಂದು ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಆ ಮಾತು ಅವಳನ್ನು ಹೇಗೆ ಹಿಡಿಯಿತು ಎಂಬುದನ್ನು ನಾನು ಕಣ್ಣಾರೆ ಕಂಡೆ. ಗಂಡ ಸತ್ತಿದ್ದಾನೆ ಎಂದು ಊರೇ ಹೇಳಿದರೂ ಅಲುಗದವಳು, ಉಪವಾಸವಿದ್ದಾನೆ ಎಂದಾಗ ಅಲ್ಲಾಡಿಹೋದಳು.

ಅವಳೇ ಪಂಪು ಹಾಕಿದಳು. ಸ್ಟೂಲು ಎಳೆದುಕೊಂಡಳು. ಈ ಸಲ ನಾನು ಅದನ್ನು ಹಿಡಿದುಕೊಂಡೆ. ನಲ್ಲಿ ಕಿಲುಬು ಹಿಡಿದು ಬಿಗಿಯಾಗಿತ್ತು, ಎರಡು ಕೈಯಿಂದ ತಿರುಗಿಸಿದಳು. ಗಾಳಿ ಹೊರಟಿತು. ಇನ್ನೆರಡು ಪೈಪುಗಳಲ್ಲಿ ಉಸ್ ಎಂದು ಮುಗಿದುಬಿಡುವ ಗಾಳಿ ಇಲ್ಲಿ ಮುಗಿಯಲೇ ಇಲ್ಲ. ಉದ್ದಕ್ಕೆ, ಸಣ್ಣಗೆ, ಯಾರೋ ತಡೆದಿಟ್ಟುಕೊಂಡದ್ದನ್ನು ಬಿಟ್ಟ ಹಾಗೆ ಬರುತ್ತಲೇ ಇತ್ತು. ಅವಳು ಅದರ ಮುಂದೆ ಅಂಗೈ ಒಡ್ಡಿಕೊಂಡಿದ್ದಳು. ಗುಳ್ಳೆಗಳು ಸಿಡಿದವು. ನೀರು ಬಂದು ಅವಳ ಮುಂಗೈ ತೋಯಿಸಿ ಮೊಣಕೈಯಿಂದ ನನ್ನ ತಲೆಯ ಮೇಲೆ ತೊಟ್ಟಿಕ್ಕಿತು. ಅವಳು ನಲ್ಲಿ ಮುಚ್ಚಿದಳು.

ಪಂಪು ನಿಲ್ಲಿಸುವಂತೆ ನನಗೆ ಕೈಸನ್ನೆ ಮಾಡಿದಳು. ಕೆಂಪು ಗುಂಡಿ ಒತ್ತಿದೆ. ಮೂವರೂ ಕಾದೆವು. ತೊಟ್ಟಿಯ ನೀರು ಸಂಪಿಗೆ ಇಳಿಯುವ ಸದ್ದು ಕೇಳಿಸಿತು, ಅದೂ ನಿಂತಿತು. ಪೈಪಿನಲ್ಲಿ ಏನೂ ಇರಲಿಲ್ಲ.

ಆಗ ಚಾಮುಂಡಮ್ಮ ನೆಲದ ಮೇಲೆ ಕುಕ್ಕರಿಸಿ, ಎದೆ ಬಡಿದುಕೊಂಡು, ಮಗನ ಹೆಸರು ಹಿಡಿದು ಮಂಟೇಸ್ವಾಮೀ, ನನ್ನಪ್ಪಾ ಎಂದು ಹಾಡಿ ಹಾಡಿ ಅಳತೊಡಗಿದಳು. ಸಾವಿನ ಮನೆಯಲ್ಲಿ ಹೆಂಗಸರು ಅಳುವ ಅಳು ಅದು. ಕಾರಿಡಾರಿನಲ್ಲಿದ್ದ ಹುಡುಗರು ಓಡಿ ಬಂದು ಬಾಗಿಲಲ್ಲಿ ಗುಂಪುಗೂಡಿದರು. ನಾನು ಗದರಲಿಲ್ಲ. ಅವರೇ ಯಾಕೋ ಚಪ್ಪಲಿ ಬಿಟ್ಟು ಹಿಂದಕ್ಕೆ ಸರಿದು ನಿಂತರು.

ಮರಿತಾಯಮ್ಮ ಸ್ಟೂಲಿನ ಮೇಲೆ ಬಿದ್ದ ನೀರು ಒರೆಸಿ, ಅದನ್ನು ಜಾಗಕ್ಕಿಟ್ಟು, ನನ್ನ ಮುಂದೆ ಬಂದು ನಿಂತಳು.

"ಮೇಡಮ್ಮೋರೆ, ರಜ ಬೇಕಾಗಿತ್ತು. ನಮ್ಮನೇಲಿ ಸಾವಾಗದೆ."

ರಜೆ ಕೇಳಿದವರಿಗೆಲ್ಲ ಕೇಳುವ ಪ್ರಶ್ನೆ ಯೋಚನೆಯಿಲ್ಲದೆ ನನ್ನ ಬಾಯಿಂದ ಬಂತು. ಯಾವಾಗ ಎಂದೆ.

"ಈಗ್ಲೇ. ನೀವೂ ಇದ್ರಲ್ಲ."

ಅತ್ತೆ ಸೊಸೆ ಇಬ್ಬರನ್ನೂ ನರಸೀಪುರದ ಬಸ್ಸಿಗೆ ಹತ್ತಿಸಿ ನಾನು ಎದುರು ದಿಕ್ಕಿನ ಬಸ್ಸು ಹಿಡಿದೆ. ಮನೆಗೆ ಬಂದವಳು ಒಳಗೆ ಕಾಲಿಡದೆ ಹಿತ್ತಲಿಗೆ ಹೋಗಿ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಂಡೆ. ಒದ್ದೆ ಸೀರೆಯಲ್ಲಿ ನಿಂತ ನನ್ನನ್ನು ನೋಡಿ ಅಪ್ಪ ಗಾಬರಿಯಾದರು. ಹೊತ್ತಲ್ಲದ ಹೊತ್ತಿನಲ್ಲಿ ಇದೇನು ಸ್ನಾನ, ಯಾರು ಹೋದರು ಎಂದು ಕೇಳಿದರು.

"ಮಂಟೇಸ್ವಾಮಿ ಅಂತ," ಎಂದೆ. "ನಮ್ಮ ಲ್ಯಾಬಿನಲ್ಲಿದ್ದರು."